ರೈತನಿಗೆ ಹೇಳಬಾರದ ರುಚಿ

ಇಟಲಿಯಲ್ಲಿ ಒಂದು ಗಾದೆ ಇದೆ. ಪೇರ್ ಹಣ್ಣಿನ ಜೊತೆ ಚೀಸ್ ತಿಂದರೆ ಎಷ್ಟು ರುಚಿ ಎಂಬುದನ್ನು ರೈತನಿಗೆ ಮಾತ್ರ ತಿಳಿಸಬೇಡ ಎಂಬುದು ಅದರ ತಾತ್ಪರ್ಯ. ಅಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಮಾತು. ಮೊದಲ ಸಲ ಕೇಳಿದಾಗ ನಗು ಬರುತ್ತದೆ. ಎರಡನೇ ಸಲ ಇದೆಂಥ ಗಾದೆ ಅನ್ನಿಸುತ್ತದೆ. ಗಾದೆಗಳು ಇರುವುದು ತಿಳಿದದ್ದನ್ನು ಹಂಚುವುದಕ್ಕೆ. ನಮ್ಮಲ್ಲಂತೂ ಮಳೆ, ಬಿತ್ತನೆ, ಎತ್ತು, ಕೊಟ್ಟಿಗೆಗಳ ಬಗ್ಗೆ ಗಾದೆ ಕಟ್ಟಿದವನೇ ರೈತ. ಇಲ್ಲಿ ನೋಡಿದರೆ ಅವನ ಬೆನ್ನ ಹಿಂದೆ ಯಾರೋ ಪಿಸುಗುಟ್ಟುತ್ತಿದ್ದಾರೆ. ಅದೂ ಯಾವ ವಿಷಯಕ್ಕೆ? ಹಾಲು ಕರೆದು ಚೀಸ್ ಮಾಡುವವನು ಅವನು. ಪೇರ್ ಮರಕ್ಕೆ ಕಸಿ ಕಟ್ಟಿ, ಹಣ್ಣು ಇಳಿಸಿ, ಬುಟ್ಟಿ ತುಂಬುವವನೂ ಅವನೇ. ಅವನಿಗೆ ಗೊತ್ತಿಲ್ಲದ್ದು ಏನು ಉಳಿದಿತ್ತು?

ಬೊಲೋನ್ಯಾ ವಿಶ್ವವಿದ್ಯಾಲಯದ ಇತಿಹಾಸಕಾರ ಮಾಸ್ಸಿಮೊ ಮೊಂತನಾರಿ ಈ ಒಂದು ಗಾದೆಯನ್ನೇ ಹಿಡಿದು 2008ರಲ್ಲಿ ಪುಟ್ಟದೊಂದು ಪುಸ್ತಕ ಪ್ರಕಟಿಸಿದರು. ಮಧ್ಯಯುಗದ ಯುರೋಪಿನ ಊಟದ ಇತಿಹಾಸದಲ್ಲಿ ಅವರದು ದೊಡ್ಡ ಹೆಸರು. ಈ ಲೇಖನದ ಮೊದಲರ್ಧ ಹೆಚ್ಚುಕಡಿಮೆ ಅವರು ತೋರಿಸಿದ ದಾರಿಯಲ್ಲೇ ನಡೆಯುತ್ತದೆ.

ಇದನ್ನು ಈಗ ಬರೆಯುವುದಕ್ಕೆ ಕಾರಣ ನಮ್ಮ ಪಾರ್ಟಿಗಳು. ಪವಾಯಿ ಇರಲಿ, ಗಚ್ಚಿಬೌಲಿ ಇರಲಿ, ಗುರುಗ್ರಾಮ ಇರಲಿ, ಹೊಸ ಫ್ಲ್ಯಾಟಿನ ಗೃಹಪ್ರವೇಶದ ದಿನ ಬೆಳಿಗ್ಗೆ ಹೋಮ, ಮಧ್ಯಾಹ್ನ ಹೋಳಿಗೆ ಊಟ, ಸಂಜೆ ಆಫೀಸಿನವರು ಬಂದಾಗ ಮರದ ಹಲಗೆ. ಹಲಗೆಯ ಮೇಲೆ ಮೂರು ನಾಲ್ಕು ಬಗೆಯ ಚೀಸ್, ದ್ರಾಕ್ಷಿಯ ಗೊಂಚಲು, ಸೀಳಿದ ಅಂಜೂರ, ತೆಳ್ಳಗೆ ಹೆಚ್ಚಿದ ಪೇರ್, ಸಣ್ಣ ಬಟ್ಟಲಲ್ಲಿ ಜೇನು. ನೋಡುವುದಕ್ಕೆ ನಿಜಕ್ಕೂ ಚೆಂದ. ಎಷ್ಟೋ ಶತಮಾನಗಳಿಂದ ಯುರೋಪಿನ ಅರಮನೆಗಳಲ್ಲಿ ಹೀಗೇ ಇತ್ತೇನೋ ಎಂಬಂತೆ ಅದು ಕೂತಿರುತ್ತದೆ. ಆದರೆ ಆ ಹಲಗೆಯ ಮೇಲಿನ ಎರಡು ವಸ್ತುಗಳು ಒಂದೇ ಮನೆಯವಲ್ಲ. ಒಂದು ಬಡವನ ಬುತ್ತಿಯಿಂದ ಬಂದದ್ದು, ಇನ್ನೊಂದು ದೊರೆಯ ತೋಟದಿಂದ.

ಮೊದಲು ಬುತ್ತಿಯ ಕಡೆಯದು. ಚೀಸ್‌ಗೆ ನಮ್ಮ ನಿಘಂಟುಗಳು ಗಿಣ್ಣು ಎಂದು ಅರ್ಥ ಕೊಡುತ್ತವೆ, ಪತ್ರಿಕೆಗಳೂ ಹಾಗೆ ಬರೆಯುವುದುಂಟು. ಹಸು ಕರು ಹಾಕಿದ ಮನೆಯಿಂದ ಗಿಣ್ಣುಹಾಲು ತರಿಸಿ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ತಿಂದವರು ಇದನ್ನು ಒಪ್ಪಲಾರರು. ನಾನು ಚೀಸ್ ಎಂದೇ ಬರೆಯುತ್ತೇನೆ. ಅದು ಹಾಲನ್ನು ತಿಂಗಳುಗಟ್ಟಲೆ ಕೆಡದಂತೆ ಇಟ್ಟುಕೊಳ್ಳುವ ಉಪಾಯ. ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹಾಲು ಹೆಪ್ಪುಗಟ್ಟಿಸಿ, ನೀರು ಬಸಿದು, ಉಪ್ಪು ಹಾಕಿ, ಅಚ್ಚಿನಲ್ಲಿ ಒತ್ತಿ, ನೆಲಮಾಳಿಗೆಯಲ್ಲೋ ಗವಿಯಲ್ಲೋ ಹಣ್ಣಾಗಲು ಬಿಡುವುದು. ನಮ್ಮಲ್ಲಿ ಹಾಲು ಒಡೆಯುವುದೇ ತಿಳಿದಿರಲಿಲ್ಲ ಎಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಕಾದ ಹಾಲಿಗೆ ಹುಳಿ ಹಾಕಿ ಒಡೆಸಿ, ಬಟ್ಟೆಯಲ್ಲಿ ಸೋಸಿ, ಅದರಿಂದ ಸಿಹಿ ಮಾಡುವ ಕ್ರಮವೇ ಇದೆ. ಆದರೆ ಹುಳಿಯಿಂದ ಒಡೆಸಿದ್ದು ಹೆಚ್ಚು ದಿನ ಉಳಿಯುವುದಿಲ್ಲ, ಹಣ್ಣಾಗುವುದೂ ಇಲ್ಲ. ಹಾಲನ್ನು ಉಳಿಸಿಕೊಳ್ಳಲು ನಮಗೆ ತುಪ್ಪ ಇತ್ತು. ಆಲ್ಪ್ಸ್ ತಪ್ಪಲಿನವನಿಗೆ ಚೀಸ್.

ಹಾಗಾಗಿ ಅದು ಕುರುಬರ, ದನಗಾಹಿಗಳ ಊಟ. ‘ಒಡಿಸ್ಸಿ’ಯಲ್ಲಿ ಒಕ್ಕಣ್ಣಿನ ರಾಕ್ಷಸ ಪಾಲಿಫೀಮಸ್ ಕುರಿ ಕಾಯುತ್ತ ಗವಿಯಲ್ಲಿ ಜೋಡಿಸಿಟ್ಟುಕೊಂಡಿದ್ದು ಇದನ್ನೇ. ನಾಗರಿಕರು ಬ್ರೆಡ್ಡು ತಿನ್ನುತ್ತಾರೆ, ಕಾಡಿನವರು ಚೀಸು ತಿನ್ನುತ್ತಾರೆ ಎಂಬ ಭಾವನೆ ಬಹಳ ಕಾಲ ಇತ್ತು. ಮಧ್ಯಯುಗದ ವೈದ್ಯರಿಗೂ ಅದರ ಮೇಲೆ ಅನುಮಾನ. ಹೆಪ್ಪುಗಟ್ಟಿದ ಪದಾರ್ಥ, ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ, ತಿಂದರೂ ಜಿಪುಣನ ಕೈಯಿಂದ ಬಡಿಸಿದಷ್ಟೇ ತಿನ್ನಬೇಕು ಎಂದು ಸಲೆರ್ನೊ ಪರಂಪರೆಯ ವೈದ್ಯರು ಎಚ್ಚರಿಸಿದರು.

ಈ ಬಡ ಪದಾರ್ಥವನ್ನು ಒಂದು ಮೆಟ್ಟಿಲು ಮೇಲಕ್ಕೆ ಎತ್ತಿದವರು ಸನ್ಯಾಸಿಗಳು. ಸಂತ ಬೆನೆಡಿಕ್ಟನ ನಿಯಮದಂತೆ ಕಾಯಿಲೆಯವರನ್ನು ಬಿಟ್ಟರೆ ಮಠದಲ್ಲಿ ಯಾರೂ ನಾಲ್ಕು ಕಾಲಿನ ಪ್ರಾಣಿಯ ಮಾಂಸ ತಿನ್ನುವಂತಿಲ್ಲ. ಮೀನು ಸಿಗದ ಕಡೆ ಚೀಸೇ ಗತಿ. ಹೀಗೆ ದೀನತೆಯ ಗುರುತಾಗಿ ಮಠದೊಳಗೆ ಬಂದದ್ದು, ಮಠದವರ ತಾಳ್ಮೆಯಿಂದ, ಲೆಕ್ಕಪತ್ರದಿಂದ, ತಂಪಾದ ನೆಲಮಾಳಿಗೆಗಳಿಂದ ಬಗೆಬಗೆಯಾಗಿ ಬೆಳೆಯಿತು. (ಬೆಂಗಳೂರಿನಲ್ಲಿ ಇಟಲಿ ಮೂಲದ ವಲ್ಲೊಂಬ್ರೋಸಾ ಪಂಗಡದ ಬೆನೆಡಿಕ್ಟೈನ್ ಮಠವೊಂದಿದೆ. ಅಲ್ಲಿನ ಪಾದ್ರಿಗಳು ಇಟಲಿಯಲ್ಲಿ ಕಲಿತು ಬಂದ ರೀತಿಯಲ್ಲಿ ಚೀಸ್ ಮಾಡಿ ಮಾರುತ್ತಾರೆ. ಒಂಬೈನೂರು ವರ್ಷಕ್ಕೂ ಹಳೆಯ ಪಂಗಡ ಅದು.)

ಸಂತ ಗಾಲ್ ಮಠದ ನೋಟ್ಕರ್ ಎಂಬ ಸನ್ಯಾಸಿ 880ರ ದಶಕದಲ್ಲಿ ಬರೆದಿಟ್ಟ ಒಂದು ಕಥೆ ನನಗೆ ಬಹಳ ಇಷ್ಟ. ಚಕ್ರವರ್ತಿ ಶಾರ್ಲಮೇನ್ ಮುನ್ಸೂಚನೆ ಇಲ್ಲದೆ ಒಬ್ಬ ಬಿಷಪ್ಪನ ಮನೆಗೆ ಬಂದಿಳಿದ. ಅಂದು ಮಾಂಸ ತಿನ್ನದ ವಾರ. ಮೀನು ಸಿಕ್ಕಲಿಲ್ಲ. ಬಿಷಪ್ಪ ಇದ್ದ ಚೀಸನ್ನೇ ತಂದಿಟ್ಟ. ಚಕ್ರವರ್ತಿ ಚಾಕು ತೆಗೆದು ಬೂಸಲು ಹಿಡಿದ ಭಾಗವನ್ನೆಲ್ಲ ಕೆರೆದು ಪಕ್ಕಕ್ಕಿಟ್ಟು ಬಿಳಿಯ ಭಾಗ ಮಾತ್ರ ತಿನ್ನತೊಡಗಿದ. ಹತ್ತಿರ ನಿಂತಿದ್ದ ಬಿಷಪ್ಪ ಅಳುಕುತ್ತ, ಪ್ರಭುಗಳು ಎಸೆಯುತ್ತಿರುವುದೇ ಇದರಲ್ಲಿ ಒಳ್ಳೆಯ ಭಾಗ ಅಂದ. ಚಕ್ರವರ್ತಿ ಬಾಯಿಗಿಟ್ಟು ನೋಡಿ, ಹೌದೆಂದು ಒಪ್ಪಿ, ವರ್ಷಕ್ಕೆ ಎರಡು ಗಾಡಿ ತುಂಬ ಇಂಥದ್ದೇ ಆಖೆನ್ನಿಗೆ ಕಳಿಸು ಎಂದು ಅಪ್ಪಣೆ ಮಾಡಿದ. ಬಿಷಪ್ಪನಿಗೆ ಹೊಸ ತಲೆನೋವು. ಒಳಗೆ ಬೂಸಲು ಹಿಡಿದಿದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದು ಹೇಗೆ? ಎರಡು ಹೋಳು ಮಾಡಿ ನೋಡು, ಸರಿಯಿದ್ದರೆ ಕಡ್ಡಿ ಚುಚ್ಚಿ ಮತ್ತೆ ಜೋಡಿಸಿ ಕಳಿಸು ಎಂದು ಚಕ್ರವರ್ತಿಯೇ ಉಪಾಯ ಹೇಳಿಕೊಟ್ಟ. ಇದು ರೋಕ್‌ಫೋರ್ ಚೀಸಿನ ಕಥೆ ಎಂದು ಈಗ ಎಲ್ಲೆಡೆ ಬರೆಯುತ್ತಾರೆ. ನೋಟ್ಕರ್ ಆ ಹೆಸರನ್ನೇ ಎತ್ತಿಲ್ಲ.

ಪುಣೆಯಲ್ಲಿ ಒಂದು ಪಾರ್ಟಿಯಲ್ಲಿ, ರಾಯಚೂರು ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದ ಹುಡುಗನೊಬ್ಬ ಬ್ರೀ ಚೀಸಿನ ಬಿಳಿ ಸಿಪ್ಪೆಯನ್ನು ಚಾಕುವಿನಿಂದ ನಾಜೂಕಾಗಿ ಕೆರೆಯುತ್ತಿದ್ದ. ಅವನ ಮೇಲಿನವರೊಬ್ಬರು ಅದನ್ನು ನೋಡಿ ಎಲ್ಲರಿಗೂ ಕೇಳುವಂತೆ ನಕ್ಕರು. ಹುಡುಗ ತಟ್ಟೆ ಕೆಳಗಿಟ್ಟು ಬಾಲ್ಕನಿಗೆ ಹೋದ. ಶಾರ್ಲಮೇನ್ ಚಕ್ರವರ್ತಿ ಮಾಡಿದ್ದೂ ಅದನ್ನೇ ಎಂದು ಆಮೇಲೆ ಅವನಿಗೆ ಹೇಳಿದೆ. ಚಕ್ರವರ್ತಿಗೆ ತಿಳಿಸಿದವನು ಅಳುಕುತ್ತ ತಿಳಿಸಿದ್ದ ಅನ್ನುವುದನ್ನೂ ಹೇಳಿದೆ.

15ನೇ ಶತಮಾನದ ಹೊತ್ತಿಗೆ ಗಾಳಿ ಬದಲಾಗಿತ್ತು. 1477ರಲ್ಲಿ ಪಂತಾಲೆಯೋನೆ ದ ಕೊನ್ಫಿಯೆಂಝಾ ಎಂಬ ವೈದ್ಯ ಹಾಲಿನ ಪದಾರ್ಥಗಳ ಮೇಲೆಯೇ ಇಡೀ ಒಂದು ಗ್ರಂಥ ಅಚ್ಚು ಹಾಕಿಸಿದ. ಯುರೋಪಿನಲ್ಲಿ ಚೀಸಿನ ಬಗ್ಗೆ ಬಂದ ಮೊದಲ ಗ್ರಂಥ ಅದೆನ್ನುತ್ತಾರೆ. ರಾಜರು, ಸರದಾರರು ಚೀಸನ್ನು ಆಸೆಪಟ್ಟು ತಿನ್ನುವುದನ್ನು ತಾನೇ ಕಂಡಿದ್ದೇನೆ ಎಂದು ಆತ ಬರೆದುಕೊಂಡ. ವೈದ್ಯನೊಬ್ಬ ಹೀಗೆ ಸಾಕ್ಷಿ ಹೇಳಬೇಕಾಗಿ ಬಂತು ಅಂದರೆ ದೊಡ್ಡವರಿಗೆ ಇನ್ನೂ ಕೊಂಚ ನಾಚಿಕೆ ಉಳಿದಿತ್ತು ಎಂದೇ ಅರ್ಥ. ಚೀಸನ್ನು ಅರಮನೆಯ ಮೇಜಿನ ಮೇಲೆ ಇಡಲು ಒಬ್ಬ ಮರ್ಯಾದಸ್ಥ ಜೊತೆಗಾರ ಬೇಕಿತ್ತು.

ಆ ಜೊತೆಗಾರ ಪೇರ್ ಹಣ್ಣು. ದಿಲ್ಲಿ, ಮುಂಬಯಿಯಲ್ಲಿ ಇರುವವರು ಮಳೆಗಾಲ ಮುಗಿಯುವ ಹೊತ್ತಿಗೆ ತಳ್ಳುಗಾಡಿಯ ಮೇಲೆ ಬರುವ ಬಬ್ಬೂಗೋಶಾ ತಿಂದಿರುತ್ತೀರಿ. ಮೆತ್ತಗೆ, ರಸ ಸುರಿಯುವ ಆ ಪೇರ್ ಕೊಂಡ ಮರುದಿನ ಚೆನ್ನ, ಮೂರನೇ ದಿನ ಒಳಗಿನಿಂದ ಕಂದು. ಯುರೋಪಿನ ಪೇರ್ ಮರದಲ್ಲೇ ಹಣ್ಣಾದರೆ ಹಿಟ್ಟು ಹಿಟ್ಟಾಗುತ್ತದೆ. ಗಟ್ಟಿಯಿರುವಾಗಲೇ ಇಳಿಸಿ, ತಂಪಿನಲ್ಲಿಟ್ಟು, ದಿನ ದಿನ ತೊಟ್ಟಿನ ಹತ್ತಿರ ಬೆರಳಿನಿಂದ ಒತ್ತಿ ನೋಡುತ್ತಿರಬೇಕು. ಅದು ಒಳಗಿನಿಂದ ಹಣ್ಣಾಗುತ್ತ ಬರುತ್ತದೆ, ಆದ ಮೇಲೆ ಕಾಯುವುದಿಲ್ಲ. ಇಂಥ ಹಣ್ಣನ್ನು ಕಾಯಲು ತೋಟ ಬೇಕು, ಮಾಲಿ ಬೇಕು, ಹೊತ್ತು ಬೇಕು. ಹೊಟ್ಟೆ ತುಂಬಿಸದ, ನಾಳೆಗೆ ಉಳಿಯದ ಪದಾರ್ಥದ ಮೇಲೆ ಇಷ್ಟು ಖರ್ಚು ಮಾಡುವವರು ಯಾರು? ಉಳ್ಳವರು. ಅವರಲ್ಲಿ ಒಂದು ಬುಟ್ಟಿ ಪೇರ್ ಕಳಿಸುವುದು ನಮ್ಮಲ್ಲಿ ಆಪೂಸಿನ ಪೆಟ್ಟಿಗೆ ಕಳಿಸಿದ ಹಾಗೆ. ಫ್ಲಾರೆನ್ಸಿನ ಮೆದಿಚಿ ಮನೆತನದ ಮೂರನೇ ಕೊಸಿಮೊ ತನ್ನ ತೋಟಗಳ ಹಣ್ಣುಗಳನ್ನೆಲ್ಲ ಬಾರ್ತೊಲೊಮೆಯೊ ಬಿಂಬಿ ಎಂಬ ಕಲಾವಿದನಿಂದ ಬರೆಸಿದ. 17ನೇ ಶತಮಾನದ ಕೊನೆಯ ಆ ಚಿತ್ರಗಳಲ್ಲಿ ಪೇರ್‌ಗಳದ್ದೇ ಒಂದು ದೊಡ್ಡ ಪಟವಿದೆ. ನೂರಕ್ಕೂ ಹೆಚ್ಚು ತಳಿಗಳು, ಪ್ರತಿಯೊಂದಕ್ಕೂ ಹೆಸರು. ಅದಕ್ಕೆ ಸ್ವಲ್ಪ ಮುಂಚೆ, 1678ರಿಂದ 1683ರ ನಡುವೆ, ಫ್ರಾನ್ಸಿನ ಹದಿನಾಲ್ಕನೇ ಲೂಯಿ ವರ್ಸಾಯಿಯಲ್ಲಿ ಜೌಗು ನೆಲ ತುಂಬಿಸಿ ಹಣ್ಣು ತರಕಾರಿಯ ತೋಟ ಮಾಡಿಸಿದ. ಅದನ್ನು ನೋಡಿಕೊಂಡ ಲ ಕಾಂತಿನಿ ಓದಿದ್ದು ವಕೀಲಿಕೆ, ಮನಸ್ಸು ಕೊಟ್ಟಿದ್ದು ಪೇರ್ ಹಣ್ಣಿಗೆ. ಆ ತೋಟ ಈಗಲೂ ಇದೆ.

ಇವೆರಡನ್ನು ಒಂದೇ ತಟ್ಟೆಗೆ ತಂದದ್ದು ರುಚಿಗಿಂತ ಮೊದಲು ವೈದ್ಯ. ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುವ ಉಷ್ಣ, ತಂಪಿನ ಲೆಕ್ಕ ಯುರೋಪಿನಲ್ಲೂ ಗ್ರೀಕರ ಕಾಲದಿಂದ 17ನೇ ಶತಮಾನದವರೆಗೆ ನಡೆಯಿತು. ಪೇರ್ ತಂಪು, ನೀರು ಹೆಚ್ಚು, ಹಸಿಯಾಗಿ ತಿಂದರೆ ಅಪಾಯ. ಅದಕ್ಕೆ ವೈನಿನಲ್ಲಿ ಬೇಯಿಸು, ಇಲ್ಲವೇ ಜೊತೆಗೆ ಒಣ ಸ್ವಭಾವದ, ಉಪ್ಪಿರುವ ಹಳೆಯ ಚೀಸ್ ತಿನ್ನು. ಊಟದ ಕೊನೆಯಲ್ಲಿ ಚೂರು ಚೀಸ್ ತಿಂದರೆ ಅದು ಹೊಟ್ಟೆಯ ಬಾಯಿ ಮುಚ್ಚುತ್ತದೆ ಎಂಬ ನಂಬಿಕೆಯೂ ಇತ್ತು. 1470ರ ಸುಮಾರಿಗೆ ಅಚ್ಚಾದ ಪ್ಲಾತಿನಾನ ಪುಸ್ತಕದಲ್ಲಿ, ಅಡುಗೆಯ ಬಗ್ಗೆ ಅಚ್ಚಾದ ಮೊದಲ ಪುಸ್ತಕವೇ ಅದು, ಈ ಮಾತಿದೆ. ತಮಾಷೆಯೆಂದರೆ ನಮ್ಮ ಲೆಕ್ಕದಲ್ಲಿ ಉತ್ತರ ತಿರುವುಮುರುವು. ಹಾಲಿನ ಜೊತೆ ಹುಳಿ ಹಣ್ಣು ವಿರುದ್ಧಾಹಾರ ಎಂದು ಚರಕ ಸಂಹಿತೆ ಹೇಳುತ್ತದೆ. ಲೆಕ್ಕದ ರೀತಿ ಒಂದೇ, ಬಂದ ಉತ್ತರ ಬೇರೆ.

16ನೇ ಶತಮಾನದಲ್ಲಿ ಫೆರಾರಾ ಆಸ್ಥಾನದ ಮೆಸ್ಸಿಸ್‌ಬುಗೊ, ಪೋಪರ ಅಡುಗೆಯವನಾಗಿದ್ದ ಸ್ಕಾಪ್ಪಿ ಬರೆದಿಟ್ಟ ಔತಣದ ಪಟ್ಟಿಗಳಲ್ಲಿ ಊಟದ ಕೊನೆಯ ಸುತ್ತಿನ ಹಣ್ಣುಗಳ ಜೊತೆ ಚೀಸ್ ಬಂದು ಕೂತಿದೆ. ನಮ್ಮ ಗಾದೆ ತಲೆಯೆತ್ತಿದ್ದೂ ಸುಮಾರು ಆ ಕಾಲದಲ್ಲೇ. ಮೊಂತನಾರಿ ಕಾಣಿಸುವ ತಿರುವು ಇಲ್ಲಿದೆ. ಅಲ್ಲಿಯವರೆಗೆ ದೊಡ್ಡವರ ಊಟ ಯಾವುದು, ಸಣ್ಣವರ ಊಟ ಯಾವುದು ಎಂಬುದು ಪದಾರ್ಥದಿಂದಲೇ ತೀರ್ಮಾನವಾಗುತ್ತಿತ್ತು. ರೈತನ ಹೊಟ್ಟೆಗೆ ಒರಟು ಕಾಳು, ದೊರೆಯ ಹೊಟ್ಟೆಗೆ ಕೋಮಲ ಹಕ್ಕಿ. ಹುಟ್ಟಿನಿಂದಲೇ ಹೊಟ್ಟೆ ಬೇರೆ ಎಂದು ವೈದ್ಯರೇ ಹೇಳುತ್ತಿದ್ದರು. ಈಗ ಚೀಸ್ ಇಬ್ಬರ ಮನೆಯಲ್ಲೂ ಇದೆ. ಹಾಗಾದರೆ ಅಂತರ ಉಳಿಸಿಕೊಳ್ಳುವುದು ಹೇಗೆ? ಯಾವುದರ ಜೊತೆ ಯಾವುದು ಎಂಬ ತಿಳಿವಳಿಕೆಯನ್ನು ಅಂತರವಾಗಿ ಮಾಡಿಕೊಳ್ಳುವುದು. ಅಭಿರುಚಿ ಎಂಬ ಮಾತು ಯುರೋಪಿನಲ್ಲಿ ನಾಲಿಗೆಯಿಂದ ಬಿಡಿಸಿಕೊಂಡು ಸಂಸ್ಕಾರದ ಗುರುತಾದದ್ದು ಹೆಚ್ಚುಕಡಿಮೆ ಆ ಶತಮಾನಗಳಲ್ಲೇ.

ವಾದ ಚೆನ್ನಾಗಿದೆ. ಆದರೆ ಇಷ್ಟೇ ಅಲ್ಲ ಎಂದು ನನಗನ್ನಿಸುತ್ತದೆ. ಮಧ್ಯ ಇಟಲಿಯ ರೈತ ಬಹುಪಾಲು ಗೇಣಿದಾರ. ಬೆಳೆದದ್ದರಲ್ಲಿ ಅರ್ಧ ಧಣಿಗೆ ಒಪ್ಪಿಸುವ ಪದ್ಧತಿ. ಅಂಥ ಹೊಸ ಕರಾರುಗಳನ್ನು ಇಟಲಿಯ ಕಾನೂನು ನಿಷೇಧಿಸಿದ್ದು 1964ರಲ್ಲಿ. ಕಾವಲು ಕಾಯುವವನೂ ಅವನು, ಪಾಲು ಅಳೆದು ಕೊಡುವವನೂ ಅವನು. ಪೇರ್ ಮತ್ತು ಚೀಸ್ ಒಟ್ಟಿಗೆ ಎಷ್ಟು ರುಚಿ ಎಂದು ಅವನಿಗೆ ತಿಳಿದರೆ ಧಣಿಯ ಬುಟ್ಟಿಯಲ್ಲಿ ಪೇರ್ ಕಡಿಮೆಯಾಗುತ್ತದೆ. ಗಾದೆಯ ಹಿಂದೆ ಸಂಸ್ಕಾರದ ಜಂಬದಷ್ಟೇ ಪಾಲು ತಪ್ಪೀತೆಂಬ ಹೆದರಿಕೆಯೂ ಇದೆ. ಗೇಣಿ ಅಳೆದು ಕೊಟ್ಟ ಮನೆತನಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾದೆಗೆ ಮುಂದೆ ಯಾರೋ ಪ್ರಾಸ ಸೇರಿಸಿ ಬಾಲ ಅಂಟಿಸಿದರು: ರೈತನೇನು ದಡ್ಡನಲ್ಲ, ಧಣಿಗಿಂತ ಮುಂಚೆಯೇ ಅವನಿಗೆ ಗೊತ್ತಿತ್ತು ಎಂದು. ಅದನ್ನು ಅಂಟಿಸಿದವರು ಧಣಿಗಳಂತೂ ಇರಲಾರರು.

ಅದೇ 16ನೇ ಶತಮಾನದಲ್ಲಿ ನಮ್ಮ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದರು. ಅಲ್ಲೂ ಜಗಳ ಊಟದ ತಟ್ಟೆಯದೇ. ನೆಲ್ಲು ದೊಡ್ಡವರ ಧಾನ್ಯ, ರಾಗಿ ಬಡವರದು, ಯಾವುದು ಶ್ರೇಷ್ಠ? ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಬಾಗಿಲು ತೆಗೆದಾಗ ನೆಲ್ಲು ಸೊರಗಿದೆ, ರಾಗಿ ಹಾಗೇ ಇದೆ. ರಾಘವನ ಹೆಸರೇ ಅದಕ್ಕೆ ಸಿಗುತ್ತದೆ. ಹಗೇವಿನಲ್ಲಿ ರಾಗಿ ತುಂಬಿಟ್ಟು ಬರಗಾಲ ದಾಟಿದ ಸೀಮೆಯವರಿಗೆ ಇದು ಬರಿಯ ಕಾವ್ಯವಲ್ಲ. ಇಟಲಿಯಲ್ಲಿ ಕೆಡದೆ ಉಳಿಯುವುದು ಕೀಳು, ಎರಡು ದಿನಕ್ಕೆ ಕೊಳೆಯುವುದು ಮೇಲು. ಚೀಸ್ ಮೇಲಕ್ಕೇರಲು ಪೇರ್‌ನ ಕೈ ಹಿಡಿಯಬೇಕಾಯಿತು. ಕನಕದಾಸರಲ್ಲಿ ರಾಗಿ ಯಾರ ಕೈಯನ್ನೂ ಹಿಡಿಯುವುದಿಲ್ಲ. ಉಳಿಯುವ ಗುಣದಿಂದಲೇ ಗೆಲ್ಲುತ್ತದೆ.

ಮುಂದಿನ ಕಥೆ ಬೇಗ ಹೇಳಬಹುದು. 19ನೇ ಶತಮಾನದಲ್ಲಿ ಎಲ್ಲ ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡುವ ಫ್ರೆಂಚ್ ಪದ್ಧತಿ ಹಿಂದಾಗಿ, ಒಂದಾದ ಮೇಲೊಂದು ತಂದು ಬಡಿಸುವ ರಷ್ಯನ್ ಪದ್ಧತಿ ಬಂತು. ಆಗ ಚೀಸಿಗೂ ಅದರದೇ ಆದ ಒಂದು ಸರದಿ ಸಿಕ್ಕಿತು. ಚೀಸಿಲ್ಲದ ಊಟದ ಕೊನೆ ಊನವಾದದ್ದು ಎಂದು ಬ್ರಿಯಾ-ಸಾವರಾಂ 1825ರಲ್ಲಿ ಬರೆದ. ಅವನು ಕೊಟ್ಟ ಉಪಮೆ ಹೆಂಗಸರ ಮುಖದ ಮೇಲಿನದು, ಇಲ್ಲಿ ಹೇಳುವಂಥದ್ದಲ್ಲ.

ಇಂಗ್ಲೆಂಡಿನಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ಎರಡನೇ ಮಹಾಯುದ್ಧದಲ್ಲಿ ಹಾಲೆಲ್ಲ ಕಾರ್ಖಾನೆಯ ಒಂದೇ ಬಗೆಯ ಚೆಡ್ಡರ್‌ಗೆ ಹೋಗಿ, ಊರೂರಿನ ಎಷ್ಟೋ ಚೀಸುಗಳು ಕಾಣೆಯಾದವು. ರೇಷನ್ ಮುಗಿದದ್ದು 1954ರಲ್ಲಿ. ಜನಕ್ಕೆ ಮತ್ತೆ ಚೀಸ್ ತಿನ್ನಿಸಲು ಹಾಲು ಮಾರಾಟ ಮಂಡಳಿಯವರು, ಚೀಸ್ ಮಾರುವವರು ಸೇರಿ ಪಬ್ಬುಗಳಲ್ಲಿ ಒಂದು ತಟ್ಟೆಯನ್ನು ಜಾಹೀರಾತು ಮಾಡಿದರು: ಚೀಸ್, ಬ್ರೆಡ್ಡು, ಉಪ್ಪಿನಕಾಯಿ, ಆಮೇಲಾಮೇಲೆ ಸೇಬಿನ ಹೋಳು. ಹೆಸರು ‘ಪ್ಲೌಮನ್ಸ್ ಲಂಚ್’, ಅಂದರೆ ನೇಗಿಲು ಹಿಡಿದವನ ಊಟ. ಹೊಲದಲ್ಲಿ ದುಡಿಯುವವರು ಬ್ರೆಡ್ಡು, ಚೀಸ್ ತಿನ್ನುತ್ತಿದ್ದುದು ನಿಜ. ಆದರೆ ಆ ಹೆಸರಿನ ತಟ್ಟೆ ಪಬ್ಬು ಪಬ್ಬಿಗೆ ಹಬ್ಬಿದ್ದು 1950, 60ರ ದಶಕಗಳ ಮಾರಾಟದ ಜಾಣತನದಿಂದ. 1983ರಲ್ಲಿ ಇದೇ ಹೆಸರಿನ ಸಿನಿಮಾ ಬಂತು, ಚಿತ್ರಕಥೆ ಇಯಾನ್ ಮೆಕ್‌ಎವನ್ ಅವರದು. ಹೇಗೆ ಬೇಕೋ ಹಾಗೆ ಇತಿಹಾಸ ಕಟ್ಟಿಕೊಳ್ಳುವುದಕ್ಕೆ ಆ ತಟ್ಟೆಯೇ ಅಲ್ಲಿ ರೂಪಕ. ನಾಲ್ಕು ಶತಮಾನದ ಹಿಂದೆ ರೈತನಿಂದ ಬಚ್ಚಿಡಬೇಕಿದ್ದದ್ದನ್ನು ಈಗ ರೈತನ ಹೆಸರು ಹೇಳಿಯೇ ಮಾರಬೇಕಾಯಿತು.

ನಮ್ಮ ಸಂಜೆಗಳ ಹಲಗೆ ಈ ಎಲ್ಲದರ ಮೊಮ್ಮಗು. ಅದನ್ನು ಜೋಡಿಸುವುದರಲ್ಲಿ ಮಂತ್ರವೇನೂ ಇಲ್ಲ. ಒಂದು ಗಟ್ಟಿ, ಒಂದು ಮೆತ್ತನೆಯದು, ಬೇಕೆಂದರೆ ಒಂದು ನೀಲಿ ಬೂಸಲಿನದು. ಒಂದು ಗಂಟೆ ಮುಂಚೆ ಫ್ರಿಜ್ಜಿನಿಂದ ಹೊರಗೆ ತೆಗೆಯಿರಿ, ಕೊಬ್ಬು ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಜಿಡ್ಡನ್ನು ಕತ್ತರಿಸಲು ರಸವಿರುವ ಹಣ್ಣು, ಉಪ್ಪಿಗೆ ಎದುರಾಗಿ ಸಿಹಿ. ಪೇರ್ ಸಿಗದ ತಿಂಗಳಲ್ಲಿ ನಾಸಿಕದ ದ್ರಾಕ್ಷಿ ಸಾಕು. ಹಣ್ಣನ್ನು ಕೊನೆಯಲ್ಲಿ ಹೆಚ್ಚಿ, ಇಲ್ಲವಾದರೆ ಕಪ್ಪಾಗುತ್ತದೆ. ಯಾವ ಚಾಕು ಯಾವುದಕ್ಕೆ ಎಂಬ ಚಿಂತೆ ಅತಿಥಿಗೆ ಬಿಡಬೇಡಿ, ನೀವೇ ಮೊದಲ ತುಂಡು ಕತ್ತರಿಸಿ ಕೊಡಿ.

ಇನ್ನೊಂದು ಎಳೆ ನಮ್ಮ ಕರಾವಳಿಗೆ ನೇರ ಬರುತ್ತದೆ. ಮೈಸೂರು ಕಡೆ ಸೀಬೆ ಅನ್ನುವ ಹಣ್ಣಿಗೆ ಧಾರವಾಡದ ಕಡೆ ಪೇರಲ, ಕರಾವಳಿಯಲ್ಲಿ ಪೇರಳೆ, ಮರಾಠಿಯಲ್ಲಿ ಪೇರೂ. ಅಮೆರಿಕದಿಂದ ಈ ಹಣ್ಣು ತಂದ ಪೋರ್ಚುಗೀಸರ ಬಾಯಲ್ಲಿದ್ದ ‘ಪೇರಾ’, ಅಂದರೆ ಅದೇ ಪೇರ್, ಇಲ್ಲಿ ಹೀಗಾಯಿತು ಎನ್ನುತ್ತಾರೆ ಶಬ್ದಗಳ ಬೆನ್ನು ಹತ್ತಿದವರು. ಪೋರ್ಚುಗೀಸರ ಊರಿನಲ್ಲಿ ಮಾರ್ಮೆಲು ಎಂಬ ಒಗರು ಹಣ್ಣನ್ನು ಸಕ್ಕರೆಯಲ್ಲಿ ಗಟ್ಟಿಯಾಗಿ ಕಾಯಿಸಿ, ಬಿಲ್ಲೆ ಕತ್ತರಿಸಿ, ಚೀಸಿನ ಜೊತೆ ತಿನ್ನುವ ರೂಢಿ. ಅದೇ ‘ಮಾರ್ಮೆಲಾಡ’. ಬ್ರೆಜಿಲ್‌ನಲ್ಲಿ ಮಾರ್ಮೆಲುವಿನ ಜಾಗಕ್ಕೆ ಪೇರಳೆ ಬಂತು. ಅಲ್ಲಿ ಪೇರಳೆಯ ಬಿಲ್ಲೆಯನ್ನೂ ಬಿಳಿ ಚೀಸಿನ ತುಂಡನ್ನೂ ಒಟ್ಟಿಗೆ ಬಡಿಸಿದರೆ ಅದಕ್ಕೆ ರೋಮಿಯೋ ಜೂಲಿಯೆಟ್ ಎಂದೇ ಹೆಸರು. ಗೋವಾಕ್ಕೂ ಮಂಗಳೂರಿಗೂ ಆ ಬಿಲ್ಲೆ ‘ಪೆರಾದ್’ ಆಗಿ ಬಂತು, ಜೊತೆಗಿದ್ದ ಚೀಸ್ ಬರಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಗ್ವಾವಾ ಚೀಸ್ ಅನ್ನುತ್ತಾರೆ. ಗಟ್ಟಿ ಮಾಡಿ ಹೋಳು ಕತ್ತರಿಸುವ ಹಣ್ಣಿನ ಪಾಕಕ್ಕೆಲ್ಲ ಇಂಗ್ಲಿಷರು ಚೀಸ್ ಅನ್ನುವುದುಂಟು.

ಡಿಸೆಂಬರ್ ಬಂದರೆ ಬಾಂದ್ರಾದಲ್ಲೋ ಮಂಗಳೂರಿನಲ್ಲೋ ಕ್ರಿಶ್ಚಿಯನ್ ನೆರೆಯವರು ಹಂಚುವ ಕುಸ್ವಾರ್ ತಟ್ಟೆಯಲ್ಲಿ ಕಿಡಿಯೊ, ನೆವ್ರಿ, ಗುಳಿಯೊಗಳ ನಡುವೆ ಕೆಂಪಗೆ ಹೊಳೆಯುವ ವಜ್ರಾಕಾರದ ಬಿಲ್ಲೆ ಇದ್ದರೆ ಅದೇ ಪೆರಾದ್. ಬೀಜ ಸೋಸಿದ ಪೇರಳೆಯ ತಿರುಳು, ಸಕ್ಕರೆ, ನಿಂಬೆರಸ, ಬೆಣ್ಣೆ. ಪಾತ್ರೆ ಬಿಡುವವರೆಗೆ ಕೈ ಬಿಡದೆ ತಿರುವಿ, ಜಿಡ್ಡು ಸವರಿದ ಹಲಗೆಯ ಮೇಲೆ ಹರಡಿ, ಆರಿದ ಮೇಲೆ ಕತ್ತರಿಸುವುದು. ಅದರ ಒಂದು ಬಿಲ್ಲೆಯನ್ನು ತುಸು ಉಪ್ಪಿರುವ ಚೀಸಿನ ತುಂಡಿನ ಮೇಲಿಟ್ಟು ತಿಂದು ನೋಡಿ. ಕೊಟ್ಟ ಮನೆಯವರಿಗೂ ಒಂದು ತುಂಡು ಕಳಿಸಿ.